ಪ್ರೌಢಶಾಲಾ ವಿದ್ಯಾರ್ಥಿ: ಬಳಕೆದಾರರ ಕೈಪಿಡಿ (ಯಲ್ಲದಕೆರೆ ಮಾದರಿ)

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಸೀಮೆಯ ಮಕ್ಕಳಿಗೆ ವಿದ್ಯುನ್ಮಂಡಲವನ್ನೂ ದ್ರವ್ಯದ ಸ್ಥಿತಿಗಳನ್ನೂ ಅಳವಡಿಸಲು ಹೊರಟ ವಿಜ್ಞಾನದ ಮೇಷ್ಟ್ರು, ಮೇಡಂಗಳ ಉಪಯೋಗಕ್ಕಾಗಿ. ಚಾಲೂ ಮಾಡುವ ಮುನ್ನ ಪೂರ್ತಿ ಓದಿಕೊಳ್ಳಿ.

ಮುನ್ನೆಚ್ಚರಿಕೆ

ಈ ಮಾದರಿ ಖಾಲಿ ಬರುವುದಿಲ್ಲ. ತೋಟದ ಬೋರಿಗೆ ತ್ರೀ ಫೇಸ್ ಎಷ್ಟು ಹೊತ್ತಿಗೆ ಬರುತ್ತೆ, ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಸುಟ್ಟರೆ ಯಾರ ಹಿಂದೆ ಅಲೆಯಬೇಕು, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ ಮೇಲೆ ಎಂಥ ಸದ್ದು ಬಂದರೆ ತಕ್ಷಣ ಕೆಂಪು ಗುಂಡಿ ಒತ್ತಬೇಕು, ಇಷ್ಟೂ ಮೊದಲೇ ತುಂಬಿರುತ್ತದೆ. ಇದರ ಮೇಲೆ ‘ವಿಭವಾಂತರ ಎಂದರೇನು’ ಎಂದು ನೇರವಾಗಿ ನೋಟ್ಸ್ ಸುರಿಯಬೇಡಿ. ನೋಟ್ಸ್ ಪರೀಕ್ಷೆಯವರೆಗೆ ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಇಳಿದುಹೋಗುತ್ತದೆ.

ಗೋಡೆಯ 230 ವೋಲ್ಟನ್ನು ಪಾಠದ ಹತ್ತಿರಕ್ಕೂ ತರಬೇಡಿ. ಒಂದೂವರೆ ವೋಲ್ಟಿನ ಸೆಲ್ಲು, ಹಳೇ ಟಾರ್ಚಿನ ಬಲ್ಬು, ಗೇಣುದ್ದ ವೈರು ಸಾಕು. ಮೊದಲ ದಿನ ಎಲ್‌ಇಡಿ ಬೇಡ. ಅದು ತಿರುಗಿಸಿ ಹಾಕಿದರೆ ಹೊತ್ತುವುದಿಲ್ಲ, ಒಂದೇ ಸೆಲ್ಲಿಗೂ ಹೊತ್ತುವುದಿಲ್ಲ. ಮಗು ಸರಿಯಾಗಿಯೇ ಜೋಡಿಸಿ ತಾನು ತಪ್ಪು ಮಾಡಿದೆ ಅಂದುಕೊಳ್ಳುತ್ತದೆ.

ಅಳವಡಿಕೆ

ಮೂರನ್ನೂ ಕೈಗೆ ಕೊಟ್ಟು ‘ಹೊತ್ತಿಸು’ ಎಂದಷ್ಟೇ ಹೇಳಿ ಸುಮ್ಮನಿರಿ. ಮೇಷ್ಟ್ರ ಕಡೆಯಿಂದ ಇದೇ ಅತಿ ಕಷ್ಟದ ಹಂತ. ಬಹುಪಾಲು ಮಕ್ಕಳು ಸೆಲ್ಲಿನ ತುದಿಯ ಉಬ್ಬಿಗೆ ಬಲ್ಬಿನ ತಳ ಒತ್ತಿ ಕಾಯುತ್ತಾರೆ. ಆಮೇಲೆ ವೈರಿನ ಒಂದು ತುದಿಯನ್ನು ಸೆಲ್ಲಿನ ತಳಕ್ಕೂ ಇನ್ನೊಂದನ್ನು ಬಲ್ಬಿನ ತಳದ ಚುಕ್ಕಿಗೇ ತಾಗಿಸುತ್ತಾರೆ. ಒಳಗಿನ ಎಳೆತಂತಿಯ ಒಂದು ತುದಿ ತಳದ ಚುಕ್ಕಿಗೆ, ಇನ್ನೊಂದು ಪಕ್ಕದ ಲೋಹದ ಕವಚಕ್ಕೆ ಸೇರಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲವಲ್ಲ. ಯಾವನೋ ಒಬ್ಬನ ವೈರು ಜಾರಿ ಕವಚಕ್ಕೆ ತಾಗಿ ಫಕ್ಕನೆ ಬೆಳಕಾಗುತ್ತದೆ. ‘ಮಂಡಲ’ ಎಂಬ ಮಾತನ್ನು ಆಗ ಹೇಳಿ, ಅದಕ್ಕಿಂತ ಮುಂಚೆ ಬೇಡ.

ಸರಣಿ ಜೋಡಣೆಗೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟನ್ನು ನೆನಪಿಸಿ. ಹಳೇ ಕಾಲದ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲೇ ಕತ್ತಲು. ಸಮಾಂತರಕ್ಕೆ ಮಕ್ಕಳ ಮನೆಯೇ ಇದೆ: ಒಂದು ಬಲ್ಬು ಹೋದರೂ ಉಳಿದವು ಉರಿಯುತ್ತವೆ.

ತೊಂದರೆಗಳು

‘ಬಲ್ಬು ದಾಟಿದ ಮೇಲೆ ಕರೆಂಟು ಕಮ್ಮಿ ಆಗುತ್ತೆ ಅಲ್ವಾ ಸಾರ್?’ ಆಗುವುದಿಲ್ಲ. ಬಲ್ಬಿನ ಆಚೆಗೂ ಈಚೆಗೂ ಅಮ್ಮೀಟರ್ ಇಟ್ಟು ತೋರಿಸಿ, ಎರಡೂ ಕಡೆ ಒಂದೇ. ತಕ್ಷಣ ಮುಂದಿನ ಪ್ರಶ್ನೆ: ‘ಖರ್ಚೇ ಆಗದಿದ್ರೆ ಬಿಲ್ಲು ಯಾಕೆ?’ ಬಿಲ್ಲು ಶಕ್ತಿಗೆ. 60 ವ್ಯಾಟಿನ ಬಲ್ಬು ಸುಮಾರು ಹದಿನೇಳು ಗಂಟೆ ಉರಿದರೆ ಒಂದು ಯೂನಿಟ್. (2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ದೋಷ ಕಡಿಮೆ ವರದಿಯಾಗುತ್ತಿರಬಹುದು.)

ಹಿಂದಿನ ಬೆಂಚಿನಿಂದ ಬರುವುದು ಇದಕ್ಕಿಂತ ಗಟ್ಟಿ: ‘ನಮ್ಮ ಮೋಟ್ರಿಗೆ ಮೂರೇ ವೈರು, ಮೂರರಲ್ಲೂ ಕರೆಂಟು ಬರುತ್ತೆ. ವಾಪಸ್ ಹೋಗೋದು ಯಾವುದರಲ್ಲಿ?’ ‘ಸಿಲಬಸ್ಸಿನಲ್ಲಿಲ್ಲ’ ಎಂದು ಸ್ವಿಚ್ ಆಫ್ ಮಾಡಬೇಡಿ. ಮೂರು ಫೇಸುಗಳ ಏರಿಳಿತ ಒಂದರ ಹಿಂದೊಂದು ಬರುತ್ತದೆ. ಒಂದೆರಡರಲ್ಲಿ ಬರುವಾಗ ಉಳಿದದ್ದರಲ್ಲಿ ವಾಪಸ್ ಹೋಗುತ್ತಿರುತ್ತದೆ, ಸರಿಯಾಗಿ ಓಡುವ ಮೋಟರಿನಲ್ಲಿ ಯಾವ ಕ್ಷಣ ಕೂಡಿದರೂ ಮೂರರ ಮೊತ್ತ ಸೊನ್ನೆ. ಈ ಪ್ರಶ್ನೆ ಕೇಳಿದ ಹುಡುಗನಿಗೆ ಮಂಡಲ ಅರ್ಥವಾಗಿದೆ. ಅವನಿಗೆ ಕಿರುಪರೀಕ್ಷೆ ಬೇಡ.

ಎರಡನೇ ಘಟಕ

ಘನ, ದ್ರವ, ಅನಿಲ ಎಂದು ಮೂರು ಚಿತ್ರ ಬರೆಯುವ ಮೊದಲು ಒಂದು ಸೇರು ರಾಗಿ ತರಿಸಿ. ಪಾತ್ರೆಯ ಆಕಾರಕ್ಕೆ ತಿರುಗುತ್ತದೆ, ಸುರಿದರೆ ಹರಿಯುತ್ತದೆ. ಹಾಗಾದರೆ ದ್ರವವೇ? ತರಗತಿ ಎರಡು ಪಾರ್ಟಿಯಾಗುತ್ತದೆ, ಆಗಲಿ. ಒಂದೇ ಕಾಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿ ನೋಡಿದವರು ತಾವೇ ತೀರ್ಪು ಕೊಡುತ್ತಾರೆ. ಪುಷ್ಯದ ಚಳಿಯಲ್ಲಾದರೆ ಕೊಬ್ಬರಿ ಎಣ್ಣೆ ಶೀಶೆ ತರಿಸಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಹಿಡಿದರೆ ಕರಗುತ್ತದೆ.

ನೀರು ಕುದಿಸಿದಾಗ ಥರ್ಮಾಮೀಟರ್ 98 ತೋರಿಸಿದರೆ ಅದನ್ನು ಬಯ್ಯಬೇಡಿ, ಮಗುವಿನ ಪುಸ್ತಕದಲ್ಲಿ 100 ಅಂತ ತಿದ್ದಲೂ ಬೇಡಿ. ಹಿರಿಯೂರಿನ ಸೀಮೆ ಸಮುದ್ರ ಮಟ್ಟದಿಂದ ಆರುನೂರು ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಅಷ್ಟು ಕಡಿಮೆ. ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿದೆ ಎಂದೂ ಕೇಳಿ. ‘ಗಾಳಿ’ ಎನ್ನುತ್ತಾರೆ. ಅದು ನೀರಿನದೇ ಆವಿ. ಕುದಿಯದೆಯೂ ಆವಿಯಾಗುತ್ತದೆ ಎನ್ನಲು ಮಾರಿಕಣಿವೆ ಜಲಾಶಯ ಪಕ್ಕದಲ್ಲೇ ಇದೆ: 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ನೀರೆಲ್ಲ ಎಲ್ಲಿ ಹೋಯಿತು ಎಂದರೆ ಎಲ್ಲರೂ ನಾಲೆಯ ಲೆಕ್ಕ ಹೇಳುತ್ತಾರೆ, ಬಿಸಿಲು ಕುಡಿದ ಪಾಲನ್ನು ಯಾರೂ ಸೇರಿಸುವುದಿಲ್ಲ.

ಗ್ಯಾರಂಟಿ

ಇಲ್ಲ. ಅಮೆರಿಕದ ಎಂಐಟಿಯಲ್ಲಿ ಪದವಿ ಪಡೆದ ದಿನ, ಗೌನು ತೊಟ್ಟವರ ಕೈಗೇ ಸೆಲ್ಲು, ಬಲ್ಬು, ವೈರು ಕೊಟ್ಟು 1997ರ ಸಾಕ್ಷ್ಯಚಿತ್ರವೊಂದರಲ್ಲಿ ತೋರಿಸಿದ್ದಾರೆ; ಹೊತ್ತಿಸಲಾರದೆ ತಡವರಿಸಿದವರು ಅಲ್ಲೂ ಇದ್ದರು. ಆದ್ದರಿಂದ ಮೇಷ್ಟ್ರೇ, ಪಾಠದ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ನೀವೇ ಒಮ್ಮೆ ಹೊತ್ತಿಸಿ ನೋಡಿಬಿಡಿ.