ಪರಾಜಯೋತ್ತರ ಸ್ಮೃತಿಶಾಸ್ತ್ರ: ಕೊಡವ ಕೌಟುಂಬಿಕ ಹಾಕಿ ಕುರಿತು ಒಂದು ಕಿರು ಮಹಾಪ್ರಬಂಧ

ಕೊಡಗನ್ನು ಭಾರತದ ಹಾಕಿಯ ತೊಟ್ಟಿಲು ಎಂದು ಕರೆಯುವ ರೂಢಿಯಿದೆ. ತೊಟ್ಟಿಲಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅದರ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವವರ ವಿಷಯದಲ್ಲಿ ಮಾತ್ರ ವಿದ್ವತ್‌ಲೋಕ ಬಾಯಿ ಬಿಟ್ಟಿಲ್ಲ. ಮೊಳ್ಳೇರ ಗಣೇಶ್ 1972ರಲ್ಲಿ ಮ್ಯೂನಿಕ್‌ನಿಂದ ಕಂಚು ತಂದದ್ದು, ಬಿ.ಪಿ. ಗೋವಿಂದ 1975ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದದ್ದು, ಮನೆಯಪಂಡ ಸೋಮಯ್ಯ 1980ರಲ್ಲಿ ಮಾಸ್ಕೋದಲ್ಲಿ ಚಿನ್ನಕ್ಕೆ ಕೊರಳೊಡ್ಡಿದ್ದು ಎಲ್ಲವೂ ದಾಖಲಾಗಿದೆ. ದಾಖಲಾದ ಕಡೆ ಸಂಶೋಧಕನಿಗೆ ಕೆಲಸವಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧ ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿದೆ: ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದ ತಂಡದ ಅಭಿಮಾನಿಯೊಬ್ಬ ಇಪ್ಪತ್ತು ವರ್ಷಗಳ ತರುವಾಯ, ಎರಡನೇ ಪೆಗ್ಗಿನ ಹೊತ್ತಿಗೆ, ಅದೇ ಪಂದ್ಯವನ್ನು ಯಾವ ರೂಪದಲ್ಲಿ ನೆನೆಯುತ್ತಾನೆ?

ಹಿನ್ನೆಲೆಯನ್ನು ಮುಗಿಸಿಬಿಡೋಣ. ಚದುರಿಹೋಗುತ್ತಿದ್ದ ಕೊಡವ ಕುಟುಂಬಗಳನ್ನು ಒಂದು ಕಡೆ ಸೇರಿಸಬೇಕೆಂದು ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರಿಗೆ ಅನಿಸಿತು. ಬೇರೆ ಕಡೆಯ ಹಿರಿಯರಿಗೆ ಹೀಗನಿಸಿದ್ದರೆ ಸಮಾವೇಶ ಕರೆದು, ಶಾಲು ಹೊದಿಸಿ, ಸ್ಮರಣಸಂಚಿಕೆ ತಂದು ಮುಗಿಸುತ್ತಿದ್ದರು. ಕುಟ್ಟಪ್ಪನವರು ಎಲ್ಲರ ಕೈಗೂ ಸ್ಟಿಕ್ ಕೊಟ್ಟು ಒಬ್ಬರ ಮೇಲೊಬ್ಬರನ್ನು ಬಿಟ್ಟರು. 1997ರಲ್ಲಿ ಕರಡದಲ್ಲಿ ನಡೆದ ಆ ಮೊದಲ ಪಂದ್ಯಾವಳಿಗೆ 60 ಒಕ್ಕಗಳು ಬಂದವು. ಒಕ್ಕವೆಂದರೆ ಒಂದೇ ಮನೆಹೆಸರಿನ ಇಡೀ ಬಳಗ. ಆಮೇಲೆ ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುವುದು, ಆ ವರ್ಷದ ಕಪ್ಪಿಗೆ ಆ ಒಕ್ಕದ ಹೆಸರೇ ಇರುವುದು ಸಂಪ್ರದಾಯವಾಯಿತು. 2023ರ ಅಪ್ಪಚೆಟ್ಟೋಳಂಡ ಕಪ್ಪಿಗೆ 336 ತಂಡಗಳು ಬಂದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಬಂದು ಗಿನ್ನೆಸ್‌ನವರೇ ಪ್ರಮಾಣಪತ್ರ ಕೊಟ್ಟರು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿನಲ್ಲಿ ಅದು 396ಕ್ಕೆ ಏರಿತು.

ಈಗ ಪೂರ್ವಪಕ್ಷ. ಅಭಿಮಾನಿಗೆ ಎಲ್ಲಕ್ಕಿಂತ ಪ್ರಿಯವಾದ ನೆನಪು ಗೆಲುವಿನದೇ ಆಗಿರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇವರು ಲೆಕ್ಕ ಬಾರದವರು. ನಾಕೌಟ್ ಪಂದ್ಯಾವಳಿಯಲ್ಲಿ ಪ್ರತಿ ಪಂದ್ಯವೂ ಒಬ್ಬರನ್ನು ಮನೆಗೆ ಕಳಿಸುತ್ತದೆ. 360 ತಂಡಗಳೆಂದರೆ 359 ಪಂದ್ಯ, 359 ಸೋಲು, ಒಂದು ಕಪ್. ನೆನಪುಗಳು ಗೆಲುವಿನಿಂದಲೇ ಹುಟ್ಟುವುದಾದರೆ ಆ ವರ್ಷ ಕೊಡಗಿನಲ್ಲಿ ಒಂದೇ ಒಂದು ಒಕ್ಕಕ್ಕೆ ನೆನಪಿರಬೇಕಿತ್ತು, ಮಿಕ್ಕ 359 ಒಕ್ಕಗಳಲ್ಲಿ ಸಾಮೂಹಿಕ ಮರೆವು ಹರಡಬೇಕಿತ್ತು. ವಾಸ್ತವದಲ್ಲಿ ಕಂಡುಬರುವುದು ಇದಕ್ಕೆ ತದ್ವಿರುದ್ಧ. ಗೆದ್ದವರ ಮನೆಗೆ ಹೋಗಿ ಕೇಳಿದರೆ ಗೋಡೆಯ ಮೇಲಿನ ಫೋಟೋ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಕಪ್ ಇರುವವನಿಗೆ ಮಾತು ಬೇಕಿಲ್ಲ. ಸೋತವರ ಜಗಲಿಯಲ್ಲಿ ಅದೇ ಪ್ರಶ್ನೆ ಕೇಳಿ ನೋಡಿ, ರಾತ್ರಿ ಊಟ ಅಲ್ಲೇ ಆಗುತ್ತದೆ. ಸಿದ್ಧಾಂತ ಇಷ್ಟು: ಅಭಿಮಾನಿಯ ನೆನಪು ಸೋಲಿನ ಫಸಲು. ಗೆಲುವಿನ ನೆಲದಲ್ಲಿ ಅದು ಹುಲುಸಾಗಿ ಬೆಳೆಯುವುದಿಲ್ಲ.

ಸಿದ್ಧಾಂತಕ್ಕೆ ಪ್ರಮಾಣ ಬೇಕು. ಪ್ರತ್ಯಕ್ಷ ಪ್ರಮಾಣವೇ ಶ್ರೇಷ್ಠವೆಂದು ತಾರ್ಕಿಕರು ಹೇಳುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ಕೌಟುಂಬಿಕ ಹಾಕಿಗೆ ಬಂದವರಲ್ಲ. ಇಲ್ಲಿ ಹನ್ನೊಂದು ಮಂದಿಯದೂ ಒಂದೇ ಮನೆಹೆಸರು, ಹನ್ನೊಂದು ಜೆರ್ಸಿಗಳ ಬೆನ್ನಿನ ಮೇಲೂ ಒಂದೇ ಬರಹ. ಸರಿ, ಹೆಸರು ಹಿಡಿದು ಗುರುತಿಸೋಣವೆಂದರೆ ಕೊಡಗಿನಲ್ಲಿ ಪೊನ್ನಪ್ಪ, ಬೋಪಣ್ಣ, ಮುತ್ತಪ್ಪಂದಿರಿಗೆ ಬರವಿಲ್ಲ. ಹೀಗಾಗಿ ಮೈಕಿನಲ್ಲಿ ‘ಪೊನ್ನಪ್ಪನಿಂದ ಪೊನ್ನಪ್ಪನಿಗೆ, ಅಲ್ಲಿಂದ ಹಿರಿಯ ಪೊನ್ನಪ್ಪನಿಗೆ’ ಎಂದು ವೀಕ್ಷಕ ವಿವರಣೆ ಕೇಳಿದಾಗ ಗ್ಯಾಲರಿಯಲ್ಲಿ ಕೂತ ಮೂರು ಮನೆಯವರು ಒಟ್ಟಿಗೆ ಎದ್ದು ‘ನಮ್ಮ ಹುಡುಗ!’ ಎನ್ನುತ್ತಾರೆ. ಆ ಗೋಲನ್ನು ಯಾರು ಹೊಡೆದರೆಂಬುದು ಅಂದೇ ಮುಗಿದುಹೋಗಬೇಕಾದ ಪ್ರಶ್ನೆ. ನಮ್ಮ ಅಧ್ಯಯನಕ್ಕೆ ಒಳಪಟ್ಟ ಒಕ್ಕದಲ್ಲಿ ಅದು ಇಂದಿಗೂ ತೀರ್ಮಾನವಾಗಿಲ್ಲ. ಮೂವರೂ ಪೊನ್ನಪ್ಪಂದಿರು ತಾವೇ ಎನ್ನುತ್ತಾರೆ, ಮೂವರಿಗೂ ಸಾಕ್ಷಿಗಳಿದ್ದಾರೆ. (ಆ ಒಕ್ಕ ಯಾವುದೆಂದು ಹೇಳುವಂತಿಲ್ಲ. ಹೇಳಿದರೆ ಉಳಿದವರು ‘ನಮ್ಮನ್ನು ಯಾಕೆ ಅಧ್ಯಯನ ಮಾಡಲಿಲ್ಲ’ ಎಂದು ಜಗಳಕ್ಕೆ ಬರುತ್ತಾರೆ. ಬಂದವರಿಗೆಲ್ಲ ಕಾಫಿ ಮಾಡಿಕೊಡುವ ಶಕ್ತಿ ಪ್ರಬಂಧಕಾರನಿಗಿಲ್ಲ.)

ಪ್ರತ್ಯಕ್ಷ ಕೈಕೊಟ್ಟ ಮೇಲೆ ಅನುಮಾನ ಪ್ರಮಾಣ. ನೆನಪಿನಲ್ಲಿರುವ ಗೋಲು ನಿಂತಲ್ಲಿ ನಿಲ್ಲುವುದಿಲ್ಲ, ಕಾಲಕ್ರಮದಲ್ಲಿ ಹಿಂದಕ್ಕೆ ಸರಿಯುತ್ತದೆ. ಹೊಡೆದ ದಿನ ಅದು ಗೋಲ್‌ಕೀಪರನ ಕಾಲಿಗೆ ಬಡಿದು ಹೇಗೋ ಒಳಗೆ ಉರುಳಿದ ಚೆಂಡು. ಮುಂದಿನ ಹುತ್ತರಿ ಹಬ್ಬದ ಹೊತ್ತಿಗೆ ಗೋಲಿನ ಮುಂದಿನ ಡಿ ವೃತ್ತದ ಒಳಗಿನಿಂದ ಬಾರಿಸಿದ್ದಾಗಿರುತ್ತದೆ. ಮಗಳ ಮದುವೆಯ ಊಟದಲ್ಲಿ ಡಿ ಅಂಚಿಗೆ ಬಂದು ನಿಲ್ಲುತ್ತದೆ. ಮೊಮ್ಮಗನ ಕಿವಿಗೆ ತಲುಪುವಾಗ ಮೈದಾನದ ಅರ್ಧ ಗೆರೆಯಿಂದ ಹೊರಟ ಚೆಂಡು ನಾಲ್ವರನ್ನು ದಾಟಿಕೊಂಡು ಬಂದಿರುತ್ತದೆ. ಡಿ ಹೊರಗಿನಿಂದ ಹೊಡೆದದ್ದು ಹಾಕಿಯಲ್ಲಿ ಗೋಲೇ ಅಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆದರೆ ‘ಆಗಿನ ಕಾಲದಲ್ಲಿ ಕೊಡುತ್ತಿದ್ದರು’ ಎಂಬ ಉತ್ತರ ಸಿದ್ಧವಿದೆ.

ಈ ಹಿಂಸರಿತದ ನಿಯಮವನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಅವಕಾಶ ಮಾಡಿಕೊಟ್ಟಿತು. 2018ರಲ್ಲಿ ಕುಲ್ಲೇಟಿರ ಕಪ್ ಮುಗಿದು, ಆ ಮಳೆಗಾಲದಲ್ಲಿ ಗುಡ್ಡಗಳು ಕುಸಿದು ಊರುಗಳೇ ಜಾರಿಹೋದವು. 2019ರಲ್ಲಿ ಹಾಕಿ ನಡೆಯಲಿಲ್ಲ. ಅದರ ಬೆನ್ನಿಗೆ ಕೊರೊನಾ. 2023ರವರೆಗೆ ಸ್ಟಿಕ್ಕುಗಳು ಅಟ್ಟ ಸೇರಿದವು. ಮನೆಯಲ್ಲಿ ಕೂತ ಅಭಿಮಾನಿಗೆ ಹೊಸ ಪಂದ್ಯವಿಲ್ಲ, ಹೊಸ ಸೋಲೂ ಇಲ್ಲ. ಇದ್ದದ್ದನ್ನೇ ಮೆಲುಕು ಹಾಕಬೇಕು. ಆ ಅವಧಿಯಲ್ಲಿ 2018ರ ಪಂದ್ಯಗಳು ಬೆಳೆದ ವೇಗ ಅಸಾಧಾರಣವಾದದ್ದು. 4–0 ಅಂತರದಲ್ಲಿ ಸೋತಿದ್ದವರು ಮೊದಲ ಲಾಕ್‌ಡೌನ್ ಮುಗಿಯುವಾಗ 2–1ಕ್ಕೆ ಬಂದಿದ್ದರು. ಎರಡನೆಯದು ಮುಗಿಯುವಾಗ ಟೈಬ್ರೇಕರ್ ಆಗಿತ್ತು. ಇನ್ನೊಂದು ಅಲೆ ಬಂದಿದ್ದರೆ ಗೆದ್ದೇಬಿಡುತ್ತಿದ್ದರು.

ಅಂಪೈರ್ ವಿಷಯ ಹೆಚ್ಚು ಚರ್ಚೆ ಬೇಡುವುದಿಲ್ಲ. ಸೋತ ಒಕ್ಕದ ಪ್ರಕಾರ ಅಂಪೈರಿನ ಹೆಂಡತಿಯ ತವರು ಎದುರಾಳಿ ತಂಡದ್ದು. ಇಷ್ಟು ಸಣ್ಣ ಸಮುದಾಯದಲ್ಲಿ ಹೇಗೋ ಒಂದು ಕಡೆಯಿಂದ ಎಲ್ಲರೂ ಎಲ್ಲರಿಗೂ ನೆಂಟರಾದ್ದರಿಂದ ಈ ಆರೋಪ ಪ್ರತಿ ಸಲವೂ ನಿಜವಾಗಿರುತ್ತದೆ.

ಇದಕ್ಕಿಂತ ಜಟಿಲವಾದದ್ದು ಸೊಸೆಯಂದಿರ ಪ್ರಕರಣ. ಈ ಪಂದ್ಯಾವಳಿಯಲ್ಲಿ ಹೆಂಗಸರು, ಗಂಡಸರು, ಶಾಲೆಗೆ ಹೋಗುವ ಮಕ್ಕಳು, ಪಿಂಚಣಿದಾರರು ಒಂದೇ ತಂಡದಲ್ಲಿ ಆಡುತ್ತಾರೆ. ಮದುವೆಯಾದ ಹೆಣ್ಣುಮಗಳು ತವರಿನ ಪರ ಆಡಬಹುದು, ಗಂಡನ ಮನೆಯ ಪರವೂ ಆಡಬಹುದು. ಧರ್ಮಶಾಸ್ತ್ರಗಳು ಸಾವಿರಾರು ವರ್ಷ ತಲೆಕೆಡಿಸಿಕೊಂಡು ಬಗೆಹರಿಸಲಾಗದ ಪ್ರಶ್ನೆಯನ್ನು ಹಾಕಿ ಸಮಿತಿ ಒಂದು ಸಾಲಿನಲ್ಲಿ ಮುಗಿಸಿದೆ. ಪರಿಣಾಮಗಳನ್ನು ಮಾತ್ರ ಮನೆಯವರು ಅನುಭವಿಸಬೇಕು. ನಮ್ಮ ಅಧ್ಯಯನದ ಒಕ್ಕದಲ್ಲಿ ಗೋಲ್‌ಕೀಪರ್ ಆಗಿದ್ದವರು ಚಿಕ್ಕಪ್ಪ ಒಬ್ಬರು. ಸೇನೆಯಿಂದ ನಿವೃತ್ತರು, ಎರವಲು ತಂದ ಪ್ಯಾಡಿನೊಳಗೆ ಅರ್ಧ ಮುಳುಗಿಹೋಗಿದ್ದರು. ಎದುರಾಳಿ ತಂಡದ ಫಾರ್ವರ್ಡ್ ಅವರ ಸ್ವಂತ ಸೊಸೆ, ಅಂದು ಬೆಳಿಗ್ಗೆ ಅವರಿಗೆ ಕಡಂಬಿಟ್ಟು ಬಡಿಸಿ ಬಂದವಳು. ಒಬ್ಬಳೇ ಚೆಂಡು ಹಿಡಿದು ನುಗ್ಗಿ ಬಂದಳು. ಚಿಕ್ಕಪ್ಪ ಮುಂದೆ ಬರಲೋ ಗೆರೆಯಲ್ಲೇ ನಿಲ್ಲಲೋ ಎಂದು ಯೋಚಿಸುತ್ತಿರುವಾಗ ಅವಳು ‘ಮಾವ, ಕಾಲು ಜೋಪಾನ!’ ಎಂದು ಕೂಗಿದಳು. ಅವರು ತಲೆ ಬಗ್ಗಿಸಿ ಕಾಲು ನೋಡಿಕೊಂಡರು. ಚೆಂಡು ಬಲಗಡೆಯಿಂದ ಒಳಗೆ ಹೋಯಿತು.

ಇಲ್ಲಿ ಎರಡು ಪಂಥಗಳಿವೆ. ಅವಳ ಮಾತು ಕಾಳಜಿಯಿಂದ ಬಂದದ್ದು ಎಂಬುದು ದಾಕ್ಷಿಣ್ಯ ಪಂಥ. ಪಕ್ಕಾ ಚಾಲಾಕಿತನ ಎಂಬುದು ಅತ್ತೆಯ ಪಂಥ. ಚಿಕ್ಕಪ್ಪ ಮಾತ್ರ ಎರಡನ್ನೂ ಒಪ್ಪುವುದಿಲ್ಲ. ‘ನಾನೇ ಬಿಟ್ಟುಕೊಟ್ಟೆ, ಮನೆಮಗಳಲ್ಲವೇ’ ಎಂಬ ಮೂರನೆಯ ವಾದವನ್ನು ಅವರು ಕೆಲವು ವರ್ಷಗಳಿಂದ ಮಂಡಿಸುತ್ತಿದ್ದಾರೆ, ಅದಕ್ಕೆ ಸೊಸೆ ಅಡುಗೆಮನೆಯಿಂದಲೇ ನಗುತ್ತಾಳೆ. ಕಪ್ ಯಾರು ಗೆದ್ದರು ಎಂದು ಕೇಳಿದರೆ ಆ ಮನೆಯಲ್ಲಿ ಯಾರಿಗೂ ತಕ್ಷಣ ನೆನಪಿಗೆ ಬರುವುದಿಲ್ಲ.

ನೆನಪುಗಳಲ್ಲಿ ಹೆಚ್ಚು ಬೆಲೆಬಾಳುವುದು ಒಲಿಂಪಿಯನ್ ಇದ್ದ ತಂಡದ ಎದುರು ಸೋತದ್ದು. ಇಂಡಿಯಾ ಜೆರ್ಸಿ ತೊಟ್ಟವರೂ ರಜೆ ಹಾಕಿ ಬಂದು ಒಕ್ಕಕ್ಕೆ ಆಡುವ ಕಣ ಇದು. ಅಂಥವರಿಂದ ಆರು ಗೋಲು ತಿಂದವನು ಸೋತವನೆಂದು ಭಾವಿಸುವುದು ಹೊರಗಿನವರ ತಪ್ಪು ಗ್ರಹಿಕೆ. ಅವನ ಪಾಲಿಗೆ ಆ ಆರು ಗೋಲು ಶುದ್ಧ ಬಂಡವಾಳ. ‘ಅವನ ಡ್ರ್ಯಾಗ್‌ಫ್ಲಿಕ್ ನನ್ನ ಮೊಣಕಾಲಿಗೆ ಬಿದ್ದದ್ದು, ಇಲ್ಲಿ ನೋಡು’ ಎಂದು ಪ್ಯಾಂಟ್ ಮಡಿಸಿ ತೋರಿಸುವವನನ್ನು ಜನ ತಡೆಯುವುದಿಲ್ಲ. ಆ ಗುರುತು ಜಿಗಣೆ ಕಚ್ಚಿದ್ದೋ ಕಾಫಿ ಗಿಡ ಗೀರಿದ್ದೋ ಎಂದು ಪರಿಶೀಲಿಸುವ ಅಸಭ್ಯತೆ ಕೊಡಗಿನಲ್ಲಿಲ್ಲ.

ಕೊನೆಯದಾಗಿ ಶಬ್ದಪ್ರಮಾಣ, ಅಂದರೆ ಗ್ಯಾಲರಿಯ ಅಜ್ಜಿಯರು. ಗಾಳಿಯಲ್ಲಿ ಗುಂಡು ಹಾರಿ, ಬೆಳ್ಳಿಯ ಸ್ಟಿಕ್ಕಿನಿಂದ ಚೆಂಡು ತಳ್ಳಿ ಉದ್ಘಾಟನೆಯಾದ ದಿನದಿಂದ ಫೈನಲ್‌ವರೆಗೂ ಇವರು ಹಾಜರಿರುತ್ತಾರೆ. ಸ್ವಂತ ತಂಡ ಎರಡನೇ ದಿನವೇ ಮನೆ ಸೇರಿದ್ದರೂ ಸರಿ. ಅಂಥ ಒಬ್ಬರ ಪಕ್ಕದಲ್ಲಿ ಕೂತು ಪ್ರಬಂಧಕಾರ ಒಂದು ಪಂದ್ಯ ನೋಡಿದ. ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದ ಅಜ್ಜಿ ಚೆಂಡಿನ ಕಡೆ ನೋಡಲೇ ಇಲ್ಲ. ‘ಆ ಏಳು ನಂಬರ್ ಹುಡುಗ ಯಾವ ಮನೆ? ತಾಯಿ ಕಡೆ? ಓದಿದ್ದೇನು? ಬೆಂಗಳೂರಲ್ಲೋ? ಯಾರನ್ನಾದರೂ ನೋಡಿಕೊಂಡಿದ್ದಾನಾ?’ ಗೋಲಾಯಿತು, ಎಲ್ಲರೂ ಎದ್ದರು. ಅಜ್ಜಿಯೂ ಎದ್ದರು, ಏಳು ನಂಬರಿನ ತಾಯಿ ಎಲ್ಲಿ ಕೂತಿದ್ದಾಳೆಂದು ನೋಡಲು. ಸಂಜೆಯೊಳಗೆ ಎರಡು ಜಾತಕಗಳ ಮಾತುಕತೆ ಒಂದು ಹಂತಕ್ಕೆ ಬಂದಿತ್ತು. ಕುಟ್ಟಪ್ಪನವರು 1997ರಲ್ಲಿ ಬಯಸಿದ್ದು ಏನಿತ್ತೋ ಅದನ್ನು ಈ ಒಬ್ಬ ಅಜ್ಜಿ ಸ್ಟಿಕ್ ಮುಟ್ಟದೆ ಸಾಧಿಸುತ್ತಿದ್ದರು. ಅಂದು ಸ್ಕೋರ್ ಎಷ್ಟಾಯಿತು ಎಂದು ಕೇಳಿದ್ದಕ್ಕೆ ‘ಒಳ್ಳೆ ಸಂಬಂಧ’ ಎಂದರು.

ಈ ಪ್ರಬಂಧವನ್ನು ಪದವಿಗಾಗಿ ಸಲ್ಲಿಸಲಾಯಿತು. ಮೌಖಿಕ ಪರೀಕ್ಷೆಗೆ ಬಂದ ಇಬ್ಬರು ಪರೀಕ್ಷಕರೂ ಕೊಡಗಿನವರೇ. ಮೊದಲ ಪ್ರಶ್ನೆ ಕೇಳುವ ಮುನ್ನ ಒಬ್ಬರು ಇನ್ನೊಬ್ಬರನ್ನು ‘ನೀವು ಯಾವ ಮನೆ?’ ಎಂದು ವಿಚಾರಿಸಿದರು. ಯಾವುದೋ ಹಳೆಯ ಕಪ್ಪಿನ ಎರಡನೇ ಸುತ್ತಿನಲ್ಲಿ ಇಬ್ಬರ ಒಕ್ಕಗಳೂ ಎದುರಾಗಿದ್ದವೆಂದು ಗೊತ್ತಾಯಿತು. ಕೊನೆಯ ನಿಮಿಷದ ಶಾರ್ಟ್ ಕಾರ್ನರ್ ಕೊಟ್ಟದ್ದು ಸರಿಯೋ ತಪ್ಪೋ ಎಂಬಲ್ಲಿಂದ ಚರ್ಚೆ ಶುರುವಾಗಿ, ಪ್ರಬಂಧದ ಬೈಂಡು ಮಾಡಿದ ಪ್ರತಿಯನ್ನು ಗೋಲ್‌ಪೋಸ್ಟಿನ ಜಾಗದಲ್ಲಿ ನಿಲ್ಲಿಸಿ, ಪೇಪರ್‌ವೇಟ್ ಒಂದನ್ನು ಮೇಜಿನ ಈ ತುದಿಯಿಂದ ಆ ತುದಿಗೆ ತಳ್ಳಿ ತೋರಿಸುವವರೆಗೆ ಬಂದಿತು. ಅಭ್ಯರ್ಥಿ ಸಂಜೆ ಐದರವರೆಗೆ ಕಾದು, ಹೊರಗಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿದು ವಾಪಸ್ ಬಂದಾಗ ಸ್ಕೋರ್ 1–1 ಆಗಿತ್ತು.