ಮೂಕಜ್ಜಿಯ ಕನಸು, ಓದುಗರ ಕನವರಿಕೆ

ಶಿವರಾಮ ಕಾರಂತರು ಮಾಡಿದ ತಂಟೆ ಸಣ್ಣದಲ್ಲ. ದೇವರ ಸುದ್ದಿ ಬಂದರೆ ‘ನನಗೆ ಗೊತ್ತಿಲ್ಲಪ್ಪ’ ಎಂದು ನೆಟ್ಟಗೆ ಹೇಳುವವರ ಪೈಕಿ ಅವರು. ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಎಂದು ದಪ್ಪ ದಪ್ಪ ಸಂಪುಟಗಳನ್ನು ಕೊಟ್ಟವರು. ಅಂಥವರು 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದು, ಕೈಗಿತ್ತ ವಸ್ತುವನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಕಥೆಯನ್ನೆಲ್ಲ ಕಣ್ಣಾರೆ ಕಂಡಂತೆ ಹೇಳುವ ಮುದುಕಿಯೊಬ್ಬಳನ್ನು ಮೂಡೂರಿನ ಅಶ್ವತ್ಥಕಟ್ಟೆಯ ಮೇಲೆ ಕೂರಿಸಿಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಆಸ್ತಿಕರೆಲ್ಲ ಹಣ್ಣುಕಾಯಿ ಹಿಡಿದು ಸಾಲುಗಟ್ಟುತ್ತಿದ್ದರು. ಆದರೆ ಆ ಅಜ್ಜಿ ಕಂಡದ್ದೇನು? ದೇವರುಗಳು ಕಾಲಕಾಲಕ್ಕೆ ಹುಟ್ಟಿದ್ದು, ವೇಷ ಬದಲಿಸಿದ್ದು, ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಬಂದು ಕೂತದ್ದು! ಪವಾಡ ಬೇಕಿದ್ದವರಿಗೆ ಪವಾಡವೇನೋ ಸಿಕ್ಕಿತು, ದೇವರು ಕೈತಪ್ಪಿದ. ದೇವರು ಬೇಡದವರಿಗೆ ಬೇಕಾದಷ್ಟು ಸಂಶಯ ಸಿಕ್ಕಿತು, ಜೊತೆಗೆ ಪವಾಡವೂ ಗಂಟುಬಿತ್ತು. ಎರಡೂ ಪಕ್ಷದವರಿಗೆ ಇಷ್ಟು ಸಮನಾಗಿ ಅಸಮಾಧಾನ ಹಂಚಿದ ಇನ್ನೊಂದು ಕಾದಂಬರಿಯನ್ನು ನಾನು ಕಾಣೆ.

ನಮ್ಮ ಮನೆಗೆ ಈ ಪುಸ್ತಕ ಬಂದದ್ದು 1977ರ ಜ್ಞಾನಪೀಠದ ಬೆನ್ನು ಹತ್ತಿ. ಆಗ ಆ ಪ್ರಶಸ್ತಿಯನ್ನು ಇಂಥ ಕೃತಿಗೆ ಅಂತಲೇ ಕೊಡುತ್ತಿದ್ದರು. ಲೇಖಕರ ಒಟ್ಟು ಸಾಧನೆಗೆ ಕೊಡುವ ಪದ್ಧತಿ ಆಮೇಲೆ ಬಂತು. ಹಳೆಯ ಪದ್ಧತಿ ಕುಟುಂಬಸ್ಥರಿಗೆ ಬಹಳ ಅನುಕೂಲವಾಗಿತ್ತು. ಒಂದು ಪುಸ್ತಕ ಕೊಂಡರೆ ಸಾಹಿತ್ಯದ ಋಣ ತೀರುತ್ತಿತ್ತು. ಒಟ್ಟು ಸಾಧನೆ ಎಂದರೆ ಕಾರಂತರ ವಿಷಯದಲ್ಲಿ ಮನೆಗೆ ಇನ್ನೊಂದು ಕೋಣೆ ಕಟ್ಟಿಸಬೇಕಾಗುತ್ತಿತ್ತು. ದೊಡ್ಡಪ್ಪ ಪುಸ್ತಕ ತಂದು, ಕಂದು ಕಾಗದದ ಹೊದಿಕೆ ಹಾಕಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬಂದವರಿಗೆಲ್ಲ “ಪ್ರತಿಯೊಬ್ಬರೂ ಓದಬೇಕಾದ ಪುಸ್ತಕ” ಎಂದು ಹೇಳುತ್ತಿದ್ದರು. ಆ ಪ್ರತಿಯೊಬ್ಬರಲ್ಲಿ ತಾವು ಸೇರಿದ್ದಾರೆಂದು ಅವರಿಗೆ ಅನ್ನಿಸಿದಂತಿರಲಿಲ್ಲ.

ಓದಿದ್ದು ದೊಡ್ಡಮ್ಮ. ಬೀಗದ ಕೈ ಹೇಗೂ ಅವರ ಸೊಂಟದಲ್ಲೇ ಇರುತ್ತಿತ್ತು. ಮಧ್ಯಾಹ್ನ ಎಲ್ಲರ ಊಟವಾಗಿ, ಒಲೆ ಸಾರಿಸಿ, ಚಾವಡಿಯ ಕಂಬಕ್ಕೊರಗಿ ಓದಿ ಮುಗಿಸಿದರು. ಏನನ್ನಿಸಿತು ದೊಡ್ಡಮ್ಮ ಎಂದರೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಹೇಳಿದರು: “ಗುಹೆಯಲ್ಲಿ ಸಿಕ್ಕಿದ ಮೂಳೆ ಮುಟ್ಟಿ ಯಾವ ಕಾಲದ್ದೋ ಹೇಳ್ತಾಳೆ ಮಾರಾಯಾ. ಸರಿ. ನನ್ನ ಒಂದು ಬೆಂಡೋಲೆ ಎಲ್ಲುಂಟು ಅಂತ ಹೇಳ್ತಾಳಾ?”

ಇದನ್ನು ತಮಾಷೆ ಎಂದುಕೊಂಡು ನಕ್ಕೆವು. ಅದು ತಮಾಷೆಯಾಗಿರಲಿಲ್ಲ. ಚಿಕ್ಕತ್ತೆಯ ಮದುವೆಯ ಗಡಿಬಿಡಿಯಲ್ಲಿ ಕಾಣೆಯಾದ ಆ ಬೆಂಡೋಲೆಯ ಬಗ್ಗೆ ಮನೆಯಲ್ಲಿ ಹಲವು ಸಿದ್ಧಾಂತಗಳಿದ್ದವು. ಯಾವುದನ್ನೂ ಯಾರೂ ಗಟ್ಟಿಯಾಗಿ ಹೇಳುವಂತಿರಲಿಲ್ಲ, ಯಾಕೆಂದರೆ ಪ್ರತಿ ಸಿದ್ಧಾಂತದ ಕೊನೆಯಲ್ಲೂ ಒಬ್ಬ ನೆಂಟರಿದ್ದರು. ಈಗ ಉಳಿದ ಇನ್ನೊಂದು ಬೆಂಡೋಲೆಯನ್ನು ಮೂಕಜ್ಜಿಯ ಅಂಗೈಗೆ ಇಟ್ಟರೆ? ಅವಳೇನು ಮುಖ ನೋಡಿ ಮಾತಾಡುವ ಹೆಂಗಸಲ್ಲ. ಮೊಮ್ಮಗ ಸುಬ್ಬರಾಯ ತಂದುಕೊಟ್ಟದ್ದನ್ನು ಮುಟ್ಟಿ, ಕಂಡದ್ದನ್ನು ಕಂಡ ಹಾಗೆ ಒದರಿಬಿಡುವವಳು. ಚಾವಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಸಣ್ಣಮಾವ, “ಅಂಥ ಅಜ್ಜಿ ಕಾದಂಬರಿಯಲ್ಲಿದ್ದರೇ ಚಂದ, ಮನೆಗೆ ಆಗಿಬರುವುದಿಲ್ಲ” ಎಂದರು. ಆಗ ಪಾಲಿನ ಮಾತುಕತೆ ನಡೆಯುತ್ತಿದ್ದ ಕಾಲ. ಅಜ್ಜಿಗೆ ಬೆಂಡೋಲೆ ಮುಟ್ಟಿಸಿದವರು ನಾಳೆ ಪಾಲುಪಟ್ಟಿ ಮುಟ್ಟಿಸುವುದಿಲ್ಲ ಎಂದು ಏನು ಗ್ಯಾರಂಟಿ?

ಕುಟುಂಬಗಳಿಗೆ ಪವಾಡ ಬೇಡವೆಂದಲ್ಲ. ಬೇಕು, ಆದರೆ ಮಿತಿಯಲ್ಲಿ. ವಿಭೂತಿ ಉದುರಲಿ, ಮಗುವಿಗೆ ಜ್ವರ ಇಳಿಯಲಿ, ಹರಕೆ ಹೊತ್ತ ವರ್ಷವೇ ಅಡಿಕೆಗೆ ಧಾರಣೆ ಬರಲಿ. ನಿಜ ಹೇಳುವ ಪವಾಡವನ್ನು ಮಾತ್ರ ಯಾರೂ ಹರಕೆ ಹೊತ್ತು ಕೇಳಿದ್ದನ್ನು ನಾನು ನೋಡಿಲ್ಲ.

ಈ ಕಾದಂಬರಿಯ ಸುದ್ದಿ ತೆಗೆದರೆ ತಪ್ಪದೆ ಬರುವ ಇನ್ನೊಂದು ಮಾತು: “ನಮ್ಮ ಅಜ್ಜಿಯೂ ಥೇಟು ಹೀಗೇ.” ಮೊದಮೊದಲು ನಾನು ಕುತೂಹಲದಿಂದ ಕೇಳುತ್ತಿದ್ದೆ. ಏನು, ಮುಟ್ಟಿ ಹೇಳುತ್ತಿದ್ದರೇ? ಛೆ ಛೆ, ಅದೆಲ್ಲ ಇಲ್ಲ. ದೇವರನ್ನು ಪ್ರಶ್ನಿಸುತ್ತಿದ್ದರೇ? ಎಲ್ಲಿಯ ಮಾತು, ಮಡಿ ಎಂದರೆ ಮಡಿ. ಮತ್ತೆ ಯಾವುದರಲ್ಲಿ ಥೇಟು? “ತುಂಬಾ ಮಾತಾಡ್ತಿದ್ರು.” ಮೂಕಜ್ಜಿಗೆ ಆ ಹೆಸರು ಬಂದದ್ದು ಮೂಕಾಂಬಿಕೆಯಿಂದ ಎಂದು ಹೇಳಬಹುದಿತ್ತು, ಅವಳು ಬಾಯಿ ಬಿಡುತ್ತಿದ್ದುದೇ ಅಪರೂಪ ಎಂದೂ ಹೇಳಬಹುದಿತ್ತು. ಹೇಳಲಿಲ್ಲ. ತೀರಿಕೊಂಡ ಅಜ್ಜಿಯನ್ನು ಜ್ಞಾನಪೀಠದ ಅಜ್ಜಿಯ ಪಕ್ಕ ಕೂರಿಸಿ ಖುಷಿಪಡುವವರನ್ನು ಎಬ್ಬಿಸುವುದು ಪಾಪದ ಕೆಲಸ.

ಭೂಪಟದ ಓದುಗರೆಂಬ ಪಂಗಡವೂ ಒಂದಿದೆ. ಮೂಡೂರು ಎಲ್ಲಿದೆ ಎಂಬುದೇ ಇವರಿಗೆ ಪುಸ್ತಕದ ತಿರುಳು. ಕುಂದಾಪುರದಿಂದ ಕೊಲ್ಲೂರಿಗೆ ಹೋಗುವಾಗ ಎಡಕ್ಕೋ ಬಲಕ್ಕೋ ಎಂದು ಇಬ್ಬರು ನಿವೃತ್ತ ಮೇಷ್ಟರು ಮಾತು ಬಿಟ್ಟದ್ದನ್ನು ಬಲ್ಲೆ. 2019ರಲ್ಲಿ ಪಿ. ಶೇಷಾದ್ರಿ ಇದನ್ನು ಸಿನಿಮಾ ಮಾಡಿದ ಮೇಲೆ ಹೊಸ ತಲೆಮಾರಿನ ಓದುಗರೂ ಹುಟ್ಟಿಕೊಂಡರು. ನೆರೆಮನೆಯ ಹುಡುಗಿ ಸಿನಿಮಾ ನೋಡಿ ಬಂದು ಪುಸ್ತಕ ಒಯ್ದವಳು ವಾರದೊಳಗೆ ಹಿಂದಿರುಗಿಸಿದಳು. ದೂರು ಸಣ್ಣದು: “ಅಂಕಲ್, ಬುಕ್‌ನಲ್ಲಿ ಅಜ್ಜಿ ಬಿ. ಜಯಶ್ರೀ ಥರ ಮಾತಾಡೋದೇ ಇಲ್ಲ.”

ಇಷ್ಟೆಲ್ಲ ಬಾಯಿಮಾತಿನ ಅಭಿಪ್ರಾಯ. ಬರೆದಿಟ್ಟದ್ದು ನೋಡಬೇಕೆಂದರೆ ನಮ್ಮೂರ ಗ್ರಂಥಾಲಯಕ್ಕೆ ಬರಬೇಕು. 1965ರ ಗ್ರಂಥಾಲಯ ಕಾಯ್ದೆ ಬಂದಂದಿನಿಂದ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿರುವ ನಮ್ಮೂರಿನವರಿಗೆ, ಪುಸ್ತಕದ ಅಂಚಿನ ಖಾಲಿ ಜಾಗ ತಮ್ಮದೇ ಎಂಬ ದೃಢ ನಂಬಿಕೆ. ‘ಪುಸ್ತಕದಲ್ಲಿ ಏನನ್ನೂ ಬರೆಯಬಾರದು’ ಎಂಬ ಮುದ್ರಿತ ಚೀಟಿಯ ಕೆಳಗೇ ಯಾರೋ ‘ಸರಿ’ ಎಂದು ಬರೆದು ಸಹಿ ಹಾಕಿದ್ದಾರೆ.

ಮುನ್ನುಡಿ ಮಾತ್ರ ನಿಷ್ಕಳಂಕ. ಇದರಲ್ಲಿ ನಾಯಕ ನಾಯಕಿ ಯಾರೂ ಇಲ್ಲ, ಮೂಕಜ್ಜಿಯೂ ನಾಯಕಿಯಲ್ಲ ಎಂದು ಕಾರಂತರು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಮುನ್ನುಡಿ ಓದುವವರು ಯಾರು? ಮೊದಲ ಅಧ್ಯಾಯದಿಂದ ಒಬ್ಬ ವಿದ್ಯಾರ್ಥಿಯ ರಾಜ್ಯಭಾರ ಶುರು. ಅವನು ಬಿಡದೆ ಅಡಿಗೆರೆ ಎಳೆದಿದ್ದಾನೆ. ಎಲ್ಲ ಸಾಲಿಗೂ ಗೆರೆ ಬಿದ್ದ ಮೇಲೆ ಯಾವುದು ಮುಖ್ಯ ಎಂಬ ಸಮಸ್ಯೆ ತಾನೇ ಬಗೆಹರಿದಿದೆ. ನಾಗಿ ಎಂಬ ಹೆಣ್ಣನ್ನು ಗಂಡ ದೂರ ಮಾಡಿದ ಕರುಳು ಹಿಂಡುವ ಭಾಗದ ಪಕ್ಕ ದುಂಡಗಿನ ಅಕ್ಷರದಲ್ಲಿ ಅವನ ಒಟ್ಟು ಪ್ರತಿಕ್ರಿಯೆ: ‘5 ಅಂಕ’. ಮುಂದೆ ಅವನ ಸುಳಿವಿಲ್ಲ. ಪರೀಕ್ಷೆ ಮುಗಿದಿರಬೇಕು.

ಅಲ್ಲಿಂದ ನೀಲಿ ಶಾಯಿ ಮತ್ತು ಕೆಂಪು ಶಾಯಿಯ ಯುದ್ಧ. ನೀಲಿ ಆಸ್ತಿಕರು. ಅಜ್ಜಿ ದೇವರುಗಳ ಹಳೆಯ ಲೆಕ್ಕ ತೆಗೆದ ಕಡೆಯಲ್ಲೆಲ್ಲ ‘ಶಿವ ಶಿವ’ ಎಂದು ಬರೆದಿದ್ದಾರೆ. ಹರಿಯ ಬಗ್ಗೆ ಬಂದಲ್ಲೂ ಶಿವ ಶಿವ ಎಂದೇ ಇದೆ, ಉದಾರಿಗಳು. ಕೆಂಪು ವಿಚಾರವಾದಿ. ಅಜ್ಜಿ ಒಂದು ಚೂರು ಮುಟ್ಟಿದರೆ ಸಾಕು, ಅವರ ಪೆನ್ನು ಸಿಡಿಯುತ್ತದೆ: ‘ಪುರಾವೆ?’ ‘ಸಾಧ್ಯವಿಲ್ಲ’. ಒಂದು ಕಡೆ ನೊಂದುಕೊಂಡು, ‘ಕಾರಂತರಿಂದ ಇದನ್ನು ನಿರೀಕ್ಷಿಸಿರಲಿಲ್ಲ’. ಅದರ ಕೆಳಗೆ ನೀಲಿ: ‘ನಾವು ನಿರೀಕ್ಷಿಸಿದ್ದೆವು, ಅದಕ್ಕೇ ಎರವಲು ತಂದದ್ದು’. ಇಬ್ಬರೂ ಒಮ್ಮತಕ್ಕೆ ಬಂದದ್ದು ಒಂದೇ ಪುಟದಲ್ಲಿ. ನೀಲಿ ಬರೆದದ್ದು ‘ಅಜ್ಜಿಗೆ ವಯಸ್ಸಾಗಿದೆ’. ಕೆಂಪು, ‘ಹೌದು’.

ಗಂಡು ಹೆಣ್ಣಿನ ಸಂಬಂಧ, ದೇಹದ ಹಸಿವು, ಸನ್ಯಾಸದ ಹೆಸರಲ್ಲಿ ಅದನ್ನು ಹೀಗಳೆಯುವವರ ಸೋಗು, ಇದನ್ನೆಲ್ಲ ಅಜ್ಜಿ ಒಂದಿಷ್ಟೂ ಮುಜುಗರವಿಲ್ಲದೆ ಮಾತಾಡುವ ಪುಟಗಳಲ್ಲಿ ಮಾತ್ರ ಎರಡು ಶಾಯಿಯೂ ಮೌನ. ಹಾಗೆಂದು ಬಿಟ್ಟು ಓದಿದ್ದಾರೆ ಎಂದುಕೊಳ್ಳಬೇಡಿ. ಇಡೀ ಪುಸ್ತಕದಲ್ಲಿ ಅಂಚು ಮಾಸಿ ಮೆತ್ತಗಾಗಿರುವುದು ಆ ಹಾಳೆಗಳೇ.

ಈ ಇಬ್ಬರು ಗಂಡಸರ (ಅಕ್ಷರ ನೋಡಿದರೆ ಗಂಡಸರೇ, ಜಗಳ ನೋಡಿದರೆ ಇನ್ನೂ ಖಾತ್ರಿ) ನಡುವೆ ಸಣ್ಣ ಪೆನ್ಸಿಲ್ ಅಕ್ಷರ ಒಂದಿದೆ. ಅದಕ್ಕೆ ದೇವರಿದ್ದಾನೋ ಇಲ್ಲವೋ ಎಂಬ ತಲೆಬಿಸಿ ಇಲ್ಲ. ಅಜ್ಜಿಯೂ ಮೊಮ್ಮಗನೂ ಸೃಷ್ಟಿಯ ಗುಟ್ಟು ಕೆದಕುತ್ತ ಕೂತಲ್ಲಿ, ಮೊಮ್ಮಗನ ಹೆಂಡತಿಯ ನೆನಪಾಗಿ ಅದು ಕೇಳುತ್ತದೆ: ‘ಸೀತೆ ಉಂಡಳೇ?’ ಇನ್ನೊಂದೆಡೆ, ‘ಪಾತ್ರೆ ಯಾರು ತೊಳೆದರು?’ ಶಿಲಾಯುಗದ ದರ್ಶನ ಒಳ್ಳೆ ರಂಗೇರಿದ ಹೊತ್ತಿಗೆ, ‘ನಾಳೆಯ ದೋಸೆಗೆ ನೆನೆಹಾಕಿದ್ದಾರೋ ಇಲ್ಲವೋ’. ನೀಲಿಯವರ ಬಳಿಯಾಗಲಿ ಕೆಂಪಿನವರ ಬಳಿಯಾಗಲಿ ಇದಕ್ಕೆ ಉತ್ತರವಿಲ್ಲ. ವಿಮರ್ಶೆಯ ಪುಸ್ತಕಗಳನ್ನೂ ನಾನು ತಕ್ಕಮಟ್ಟಿಗೆ ನೋಡಿದ್ದೇನೆ. ಅಲ್ಲಿ ನಾಗರಿಕತೆ ಇದೆ, ಪರಂಪರೆ ಇದೆ, ದೋಸೆಯ ಅಕ್ಕಿ ಇಲ್ಲ.

ಮೂಕಜ್ಜಿ ಬಾಲವಿಧವೆ. ಬಾಳು ಎಂದರೇನೆಂದು ತಿಳಿಯುವ ಮೊದಲೇ ಅದು ಮುಗಿಯಿತೆಂದು ಹೇಳಿಸಿಕೊಂಡವಳು. ಆ ಮಾತು ಬರುವಲ್ಲಿ ಮೂವರೂ ಬರೆದಿದ್ದಾರೆ. ನೀಲಿ: ‘ಪೂರ್ವಜನ್ಮದ ಕರ್ಮ’. ಕೆಂಪು: ‘ಅಂದಿನ ಸಾಮಾಜಿಕ ಅನಿಷ್ಟ’. ಪೆನ್ಸಿಲ್: ‘ಇಬ್ಬರೂ ಸ್ವಲ್ಪ ಸುಮ್ಮನಿರಿ’.

ಆ ಪುಟದಲ್ಲಿ ಅವರು ನಿಜಕ್ಕೂ ಸುಮ್ಮನಾಗಿದ್ದಾರೆ. ಇಡೀ ಪ್ರತಿಯಲ್ಲಿ ಪವಾಡ ಎನ್ನಬಹುದಾದದ್ದು ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. ಕೆಂಪಿನವರು ಪುರಾವೆ ಕೇಳಿದರೆ ತೋರಿಸಲೂಬಹುದು.

ಮೊನ್ನೆ ಹೋದಾಗ ಗ್ರಂಥಪಾಲಕರು ಸಡಗರದಲ್ಲಿದ್ದರು. ಹಳೆಯ ಪ್ರತಿಯ ರಟ್ಟು ಕಿತ್ತು ಬಂದಿದ್ದರಿಂದ ಹೊಸದನ್ನು ತರಿಸಿ, ಮುದ್ರೆ ಹೊಡೆದು, ನಂಬರು ಅಂಟಿಸಿ ಇಟ್ಟಿದ್ದರು. “ಇದರಲ್ಲಿ ಒಂದು ಚುಕ್ಕೆ ಇಟ್ಟವರಿಂದಲೂ ದಂಡ ವಸೂಲಿ ಮಾಡ್ತೇನೆ ಸಾರ್” ಎಂದರು. ತೆರೆದು ನೋಡಿದೆ. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು, ಮುದ್ರಣದ ವಾಸನೆ ಹೋಗಿರಲಿಲ್ಲ. ಮೊದಲ ಪುಟದ ಮೂಲೆಯಲ್ಲಿ ನೀಲಿ ಶಾಯಿ: ‘ಹಳೆಯ ಪ್ರತಿಯಲ್ಲಿ ವ್ಯಕ್ತಪಡಿಸಿದ ಅಭಿಪ್ರಾಯಗಳಿಗೆ ಬದ್ಧನಾಗಿದ್ದೇನೆ’. ಅದರ ಕೆಳಗೆ ಕೆಂಪು: ‘ನಾನೂ’.

ಪೆನ್ಸಿಲ್ ಗುರುತು ಎಲ್ಲೂ ಕಾಣಲಿಲ್ಲ. ಪಾತ್ರೆ ತೊಳೆದಾಗಿರಲಿಕ್ಕಿಲ್ಲ.