ಅರ್ಧ ಮಿಡಿ

ನಮ್ಮ ಸಾಗರದ ಕಡೆ ಊಟ ಎಂದರೆ ಮಾವಿನ ಮಿಡಿ ಉಪ್ಪಿನಕಾಯಿ. ಅನ್ನ ಅದಕ್ಕೊಂದು ನೆಪ. ಹೊಳೆಬದಿಯ ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ದು ಕಲ್ಲುಪ್ಪಿನಲ್ಲಿ ಹೂತರೆ, ದಿನ ಕಳೆದಂತೆ ಅಜ್ಜಿಯ ಕೆನ್ನೆಯ ಹಾಗೆ ಮುರುಟಿ, ತಾನೇ ಬಿಟ್ಟ ನೀರಿನಲ್ಲಿ ತೇಲುತ್ತದೆ. ನಾಲ್ಕು ಸೇರು ಮಿಡಿಗೆ ಒಂದು ಸೇರು ಉಪ್ಪು. ಇದು ನನ್ನಮ್ಮನ ಲೆಕ್ಕ. ಡಾಕ್ಟರ ಲೆಕ್ಕ ದಿನಕ್ಕೆ 5 ಗ್ರಾಂ. ಅಂದರೆ ಸಪಾಟಾಗಿ ತುಂಬಿದ ಒಂದು ಟೀ ಚಮಚಕ್ಕೂ ತುಸು ಕಡಿಮೆ. ಅದರಲ್ಲೇ ಸಾರು, ಪಲ್ಯ, ದೋಸೆ, ಮಜ್ಜಿಗೆ ಎಲ್ಲ ಮುಗಿಯಬೇಕು.

"ಕಿಡ್ನಿ ಸೋತಿದೆ, ಯಜಮಾನ್ರೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಮೆಣಸು, ಸಾಸು ಎಲ್ಲ ಬಿಡಿ" ಎಂದರು. ಕ್ರಿಯಾಟಿನಿನ್ 2.8. ಜೀವಮಾನದಲ್ಲಿ ನಾನು ಏರಿಸಿಕೊಂಡ ಒಂದೇ ಅಂಕ ಅದು.

ಹೆಂಡತಿ ಭರಣಿಯನ್ನು ಅಟ್ಟಕ್ಕೇರಿಸಿದಳು. ನನ್ನ ಮಂಡಿನೋವಿನ ಮೇಲೆ ಅವಳಿಗೆ ಪೂರ್ಣ ಭರವಸೆ.

ನಾನೂ ಸುಮ್ಮನೆ ಕೂರಲಿಲ್ಲ. ಮೊಮ್ಮಗ ಮಾಡಿದ ಗೋಬಿ ಮಂಚೂರಿ ಹುಳಿಸಿಹಿಯಾಗಿತ್ತು, ಉಪ್ಪು ನಾಲಿಗೆಗೆ ಸಿಗಲಿಲ್ಲ, ತಿಂದೆ. ಆಮೇಲೆ ಅದಕ್ಕೆ ಸುರಿದ ಬಾಟಲಿಯ ಬೆನ್ನು ಓದಿದರೆ, ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ನನ್ನ ದಿನದ ಸೋಡಿಯಂ ಪಾಲಿನ ಹತ್ತಿರ ಹತ್ತಿರ ಅರ್ಧ! ಪಕ್ಕದ ಮನೆಯವರು ಇಂದುಪ್ಪು ತಂದುಕೊಟ್ಟರು. ಅದೂ ಬಣ್ಣ ಬೇರೆ, ಕುಲ ಒಂದೇ. ಕೊನೆಗೆ 'ಸೋಡಿಯಂ ಕಡಿಮೆ' ಎಂದು ಬರೆದ ಉಪ್ಪಿನ ಪ್ಯಾಕೆಟ್ಟನ್ನು ಪಂಚಾಯ್ತಿ ಚುನಾವಣೆ ಗೆದ್ದವನ ಹಾಗೆ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಗಾಬರಿಯಾದರು. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿರುತ್ತಾರಂತೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ, ಅದು ರಕ್ತದಲ್ಲಿ ಏರಿ ಎದೆಬಡಿತದ ತಾಳವನ್ನೇ ತಪ್ಪಿಸುತ್ತದಂತೆ. ದೆವ್ವ ಓಡಿಸಲು ಬ್ರಹ್ಮರಾಕ್ಷಸನನ್ನು ಕರೆದಂತಾಯ್ತು.

ಕಾಲು ಊದಿದ ಮೇಲೆ ನೀರಿಗೂ ಅಳತೆ ಬಂತು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದ ಹಿರಿಯರ ಕಿಡ್ನಿ ಗಟ್ಟಿಯಿದ್ದಿರಬೇಕು.

ಮೊನ್ನೆ ಒಂದು ಮದುವೆಮನೆ. ಎಲೆಯ ಎಡತುದಿಗೆ ಉಪ್ಪು ಬಡಿಸಲು ಬಂದಾಗ ಅಂಗೈ ಅಡ್ಡ ಹಿಡಿದೆ. ನೋಡಿದರೆ ಪಕ್ಕದ ಎಲೆಯ ಮೇಲೂ ಒಂದು ಅಂಗೈ! ಅವರು ನನ್ನ ಊರು ಕೇಳಲಿಲ್ಲ, ನಾನು ಅವರ ಗೋತ್ರ ಕೇಳಲಿಲ್ಲ.

"ನಿಮ್ಮದೆಷ್ಟು?"

"2.8. ನಿಮ್ಮದು?"

"3.1" ಎಂದರು, ಹಿರಿತನದ ಗತ್ತಿನಲ್ಲಿ.

ಅಷ್ಟರಲ್ಲಿ ಮಿಡಿಯ ಬೋಗುಣಿ ಬಂತು. ಪರಿಮಳ ಬಿಡಿ ಎಂದು ಯಾವ ಡಾಕ್ಟರೂ ಹೇಳಿಲ್ಲವಲ್ಲ, ಇಬ್ಬರೂ ಮೂಗು ತುಂಬ ಎಳೆದುಕೊಂಡೆವು. ಹುಡುಗ ದಾಟಿ ಹೋಗುವುದರಲ್ಲಿದ್ದ. ಅವರೇ ತಡೆದರು.

"ತಮ್ಮಾ, ಒಂದೇ ಮಿಡಿ. ಅರ್ಧ ಇವರಿಗೆ, ಅರ್ಧ ನನಗೆ."

ಹುಡುಗ ಸೌಟಿನ ಅಂಚಿನಲ್ಲಿ ಮಿಡಿಯನ್ನು ಸೀಳಿ, ಎರಡೂ ಎಲೆಗೆ ಹಾಕಿ ಕೇಳಿದ: "ರಸ ಬಿಡಲಾ?"

ಇಬ್ಬರೂ ಒಟ್ಟಿಗೇ ಹೆಂಗಸರ ಪಂಕ್ತಿಯ ಕಡೆ ತಿರುಗಿ ನೋಡಿದೆವು.